ಸಿನಿಮಾದಲ್ಲಿ ಅತ್ತ ಕಾಕು

ಊರಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕುವಿನ ಕಣ್ಣುಗಳು ಮುಖಕ್ಕಿಂತ ಒಂದು ಅಳತೆ ದೊಡ್ಡವು. ಕೂದಲು ಬೆಳ್ಳಗಾಗಿ ಕೆನ್ನೆ ಜೋತುಬಿದ್ದ ಮೇಲೂ ಕಣ್ಣು ಮಾತ್ರ ಎಂಟು ವರ್ಷದ ಹುಡುಗಿಯವೇ. ಜನಕ್ಕೆ ಗುರುತು ಸಿಗುತ್ತಿದ್ದುದು ಅವುಗಳಿಂದಲೇ. ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಎರಡು ಸಲ ತಿರುಗಿ ನೋಡಿ, "ನೀವು ಆ ಸಿನಿಮಾದಾಗ ಅಳೂ ಹುಡುಗಿ ಅಲ್ಲೇನ್ರಿ?" ಎನ್ನುವರು. ಕಾಕು ಹೌದೆನ್ನದೆ ಅಲ್ಲವೆನ್ನದೆ ಬಸ್ಸಿನ ದಾರಿ ನೋಡುವರು.

ಬೆಲ್‌ಬಾಟಮ್ ತೊಟ್ಟವರು ಟಾಕೀಸಿನ ಮುಂದೆ ಹಾಡಿನ ಪುಸ್ತಕ ಕೊಳ್ಳುತ್ತಿದ್ದ ಎಪ್ಪತ್ತರ ದಶಕದಲ್ಲಿ ಅವರು ಎರಡು ಸಿನಿಮಾಗಳಲ್ಲಿ ಅನಾಥ ಮಗುವಾಗಿ ಅತ್ತಿದ್ದರು. ತಂದೆ ನಾಟಕ ಕಂಪನಿಯ ನಟ. ಯಾರೋ ಸಿನಿಮಾಕ್ಕೆ ಮಗಳನ್ನು ಕೇಳಿದರು, ಕಳಿಸಿದ. ಎತ್ತರ ಬೆಳೆದ ಮೇಲೆ ಯಾರೂ ಕರೆಯಲಿಲ್ಲ. ಮುಂದೆ ಗಂಗಾವತಿಯ ರೈಸ್ ಮಿಲ್ಲಿನವರ ಮನೆಗೆ ಸೊಸೆಯಾಗಿ ಬಂದರು. ಮದುವೆಯಾಗಿ ಪಕ್ಕದ ಮನೆಗೆ ಬಂದ ನಾನು ಸಿನಿಮಾ ಹುಚ್ಚಿನವಳು, ಮೊದಲ ವಾರವೇ ಹೋಗಿ, ಹಾಗೆ ಅತ್ತದ್ದು ಹೇಗೆಂದು ಕೇಳಿದೆ.

"ಕಣ್ಣಿಗೆ ಗ್ಲಿಸರಿನ್ ಹಾಕಿದ್ರವಾ. ಉರೀತು, ಅತ್ತುಬಿಟ್ಟೆ. ಅದಕ್ಕ ಜನ ಚಪ್ಪಾಳಿ ಹೊಡದ್ರು," ಎಂದು ಒಗ್ಗರಣೆ ಮಂಡಕ್ಕಿ ಮುಂದಿಟ್ಟರು. ಅಲ್ಲಿಗೆ ನನ್ನ ಸಂದರ್ಶನ ಮುಗಿಯಿತು.

ಊರು ಅಷ್ಟಕ್ಕೆ ಬಿಡಬೇಕಲ್ಲ. ಮದುವೆಗಳಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ "ಕಾಕೂ, ಒಂದೀಟು ಅತ್ತು ತೋರಸ್ರಿ" ಎಂದು ಗಂಟುಬೀಳುವರು. "ಬಂಡವಾಳ ತೀರೇತಿ" ಎಂದು ನಕ್ಕು ಜಾರಿಕೊಳ್ಳುವರು.

ಆ ನಗು ನಿಂತದ್ದು ಅವರ ಅತ್ತೆ ತೀರಿಕೊಂಡ ದಿನ. ನಮ್ಮ ಕಡೆ ಹೆಣ್ಣುಮಕ್ಕಳು ಹೆಣದ ಸುತ್ತ ಕುಳಿತು, ಸತ್ತವರ ಗುಣ ನೆನೆದು ಹಾಡ್ಯಾಡಿಕೊಂಡು ಅಳುತ್ತಾರೆ. ಒಬ್ಬರು ಹಾಡು ಎತ್ತಿಕೊಂಡರೆ ಉಳಿದವರು ದನಿಗೂಡಿಸಬೇಕು. ಅತ್ತೆಯೆಂದರೆ ಕಾಕುವಿಗೆ ಜೀವ. ಅವರು ಎತ್ತಿಕೊಂಡರು. ಆದರೆ ಯಾರೂ ದನಿಗೂಡಿಸಲಿಲ್ಲ. ಒಬ್ಬೊಬ್ಬರೇ ಅಳು ನಿಲ್ಲಿಸಿ ಅವರ ಮುಖ ನೋಡುತ್ತ ಕುಳಿತರು. ಕುಷ್ಟಗಿಯಿಂದ ಬಂದಿದ್ದ ಬೀಗತಿಯೊಬ್ಬಳು ಪಕ್ಕದವಳ ತೊಡೆ ತಟ್ಟಿ, "ಥೇಟ್ ಸಿನಿಮಾದಾಗ ಅತ್ತಂಗ ಅಳಾಕತ್ಯಾಳ ನೋಡ!" ಎಂದಳು. ಕಾಕು ಅರ್ಧ ಸಾಲಿಗೇ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡರು.

ಮುಂದೆ ಗಂಡ ಹೋದಾಗ ಅವರು ಒಂದು ಹನಿಯನ್ನೂ ಹಾಕಲಿಲ್ಲ. "ಎಂಥಾ ಕಲ್ಲುಮನಸಿನಾಕಿ, ಸುಳ್ಳಿಗೆ ಅಷ್ಟು ಅಳತಿದ್ಲು" ಎಂದರು ಅದೇ ಜನ. ನನಗೆ ಮೈಯೆಲ್ಲ ಉರಿಯಿತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಕಾಕು ನಮ್ಮ ಮನೆಗೆ ಬಂದರು. ನಾನು ಅಕ್ಕಿ ಆರಿಸುತ್ತಿದ್ದೆ.

"ಮನ್ಯಾಗ ಯಾರದಾರ?"

"ನಾನೊಬ್ಬಾಕೀನ್ರಿ."

"ಹಂಗಾರ ನೀ ಆ ಕಡಿ ಮುಖ ಮಾಡಿ ಕುಂದ್ರವಾ."

ಗೋಡೆಗೆ ಮುಖ ಮಾಡಿ ಕುಳಿತೆ. ಬೆನ್ನ ಹಿಂದೆ ಕೇಳಿದ ಅಳುವಿನಲ್ಲಿ ಚಂದವೇನೂ ಇರಲಿಲ್ಲ. ಬಿಕ್ಕಳಿಕೆ, ಕೆಮ್ಮು, ಮೂಗು ಸೀಟುವ ಸದ್ದು. ಮೊರದಲ್ಲಿದ್ದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸಿದೆ.

"ನೋಡಿದೇನು?"

"ಇಲ್ರಿ ಕಾಕು."

"ಛಲೋ ಆತು. ಇದು ನಂದೈತಿ," ಎಂದು ಮುಖ ತೊಳೆದುಕೊಂಡು ಹೋದರು.

ಹೋದ ವರ್ಷ ಕಾಕು ತೀರಿಕೊಂಡರು. ಬೆಳಗಾಗುವಷ್ಟರಲ್ಲಿ ಆ ಸಿನಿಮಾದ ತುಣುಕು ಎಲ್ಲರ ವಾಟ್ಸಾಪ್ ಸ್ಟೇಟಸ್‌ಗೆ ಏರಿತ್ತು. ಹೆಣದ ಪಕ್ಕದಲ್ಲೇ ಹೆಂಗಸರು ಫೋನಿನ ಸುತ್ತ ಕೂಡಿದ್ದರು. "ನೋಡ್ರಿ, ಎಷ್ಟು ಛಂದ ಅಳತಾಳ," ಎಂದು ಒಬ್ಬಳು ನನ್ನತ್ತ ಫೋನು ಚಾಚಿದಳು. ಅವಳ ಕಣ್ಣುಗಳೂ ತುಂಬಿದ್ದವು, ಆ ಹುಡುಗಿಗಾಗಿ.

ನಾನು ಹೋಗಿ ಕಾಕುವಿನ ತಲೆಯ ಬಳಿ ಕುಳಿತು ಹಾಡು ಎತ್ತಿಕೊಂಡೆ. ನನಗೆ ಹಾಡಲು ಬರುವುದಿಲ್ಲ. "ತಾಯಿಲ್ಲದಾಕಿ ಅಂತ ನನ್ನ ಬಾಣಂತನ ಮಾಡಿದಾಕಿ, ನನ್ನ ಕೂಸಿಗೆ ನೀರೆರದಾಕಿ, ನನ್ನ ಬಿಟ್ಟು ಎಲ್ಲಿ ಹೊಂಟ್ಯವ್ವಾ..." ದನಿ ಒಡೆಯಿತು. ಮೊದಲು ಯಾರೂ ಸೇರಲಿಲ್ಲ. ಆಮೇಲೆ ಹಾಲು ಮಾರುವ ಮನೆಯ ಮುದುಕಿ, "ನನ್ನ ಕಾಲು ಮುರದಾಗ ಬಿಸಿ ರೊಟ್ಟಿ ತಂದಾಕಿ" ಎಂದು ಸೇರಿಸಿದಳು. ಇನ್ನೊಬ್ಬಳಿಗೆ ಕಾಕು ಕೊಟ್ಟ ಉಪ್ಪಿನಕಾಯಿ ನೆನಪಾಯಿತು. ಫೋನು ಹಿಡಿದಿದ್ದವಳೂ ಅದನ್ನು ಆಫ್ ಮಾಡಿ ಬಂದು ಕುಳಿತಳು. ಹೆಣ ಎತ್ತುವವರೆಗೂ ಅತ್ತೆವು. ಅಷ್ಟೂ ಹೊತ್ತು ಸಿನಿಮಾದ ಮಾತನ್ನು ಯಾರೂ ಎತ್ತಲಿಲ್ಲ.