ದೋಣಿಯ ಕುಂಕುಮ

ತೆಂಗಿನಕಾಯಿಯನ್ನೂ ತಟ್ಟಿ ನೋಡದೆ ಕೊಳ್ಳುವವಳಲ್ಲ ವಿಜಯನಗರದ ಪಂಕಜಾ. ಕೆಂಗೇರಿಯ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಫೈಬರ್ ಹಾಯಿದೋಣಿಯನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಬಂದಳು. ಮಾರುವವನು ಬಾಯಿಬಿಡದೆ ಬೆನ್ನಿಗೇ ಇದ್ದ. ರಿಟೈರಾದಾಗಿನಿಂದ ಸಮುದ್ರದ ಜಪ ಮಾಡುತ್ತಿದ್ದ ಗಂಡ ಶ್ಯಾಮಸುಂದರನಿಗೆ ಅಷ್ಟು ತಾಳ್ಮೆಯೆಲ್ಲಿ? ದೋಣಿಯ ಮೂತಿಗೆ ಕುಂಕುಮ ಹಚ್ಚಿ, ಕಾಯಿ ಒಡೆಯಲು ಕೈಯೆತ್ತಿದ್ದ.

ಟಣ್ ಟಣ್ ಎನ್ನುತ್ತಿದ್ದ ಸದ್ದು, ತಳದಲ್ಲಿ ಹೊಸ ಬಣ್ಣ ಬಳಿದಿದ್ದ ಕಡೆ ಮಂಕಾಯಿತು. ಮತ್ತೆ ತಟ್ಟಿದಳು, ಅದೇ ಮಂಕು. ಬಣ್ಣದ ಕೆಳಗೆ ಫೈಬರ್ ನೀರು ಕುಡಿದು ಪದರ ಪದರವಾಗಿ ಬಿಟ್ಟುಕೊಂಡಿತ್ತು.

"ಬೇಡ ರೀ, ಕಾಯಿ ಇಳಿಸಿ," ಎಂದಳು.

"ಕುಂಕುಮ ಇಟ್ಟಾಯ್ತು ಕಣೇ. ಈಗ ಬೇಡ ಅಂದ್ರೆ ಅಪಶಕುನ."

"ಹೌದು ಮೇಡಂ," ಎಂದು ಮಾರುವವನು ಮೊದಲ ಸಲ ಬಾಯಿಬಿಟ್ಟ.

ಪಂಕಜಾ ಸೆರಗಿನ ತುದಿಯಿಂದ ದೋಣಿಯ ಕುಂಕುಮ ಒರೆಸಿದಳು. "ನನ್ನ ಹಣೇದು ಉಳೀಲಿ ಅಂತಲೇ ಇದನ್ನ ಒರೆಸ್ತಿರೋದು."