ಅಗ್ಗದ ಗಿಟಾರಿಗೆ ಹೊಸ ಕಂಠ

ಉಪ್ಪಿನಕಾಯಿ ಬಡಿಸುವ ಪುಟ್ಟ ಸ್ಟೀಲಿನ ಬಟ್ಟಲೊಂದು ನಮ್ಮ ಮನೆಯ ಊಟದ ಮೇಜಿನ ಮೇಲೆ ಬಹುಕಾಲ ಇತ್ತು. ಅದರೊಳಗಿದ್ದದ್ದು ನನ್ನ ಗಿಟಾರಿನಿಂದ ಬಿಚ್ಚಿದ ಸ್ಕ್ರೂಗಳು. ಮನೆಗೆ ಬಂದ ನೆಂಟರು ಮಾತಿನ ಭರದಲ್ಲಿ ಅದಕ್ಕೆ ಚಮಚ ಹಾಕಹೋಗಿ ನಗುತ್ತಿದ್ದರು. ನನ್ನ ಹೆಂಡತಿ ಸುಮತಿ ಮಾತ್ರ ನಗುತ್ತಿರಲಿಲ್ಲ. "ಆ ಗಿಟಾರೊಂದ್ ಮನ್ಷ ಆಗಿದ್ರೆ ನಿಮ್ಮ ಆಪರೇಶನ್ ತಾಳೂಕ್ ಆಗ್ದೆ ಯಾವಾಗ್ಳೋ ಓಡಿ ಹೋತಿತ್ತ್ ಕಾಣಿ" ಎನ್ನುತ್ತ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಸಾರು ಬಡಿಸುತ್ತಿದ್ದಳು.

ಅಗ್ಗದ ಎಲೆಕ್ಟ್ರಿಕ್ ಗಿಟಾರನ್ನು ಬಿಚ್ಚಿ, ಬದಲಿಸಿ, ಸುಧಾರಿಸುವುದರಲ್ಲಿ ಅರ್ಥವಿದೆಯೇ ಎಂದು ನೀವೂ ಎಂದಾದರೂ ಯೋಚಿಸಿದ್ದರೆ, ಗೆಳೆಯರೇ, ಈ ಬರಹ ನಿಮಗಾಗಿ. ಆ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ನಾನು ಹುಡುಕಿದ ಜಾಗದಲ್ಲಿ ಇರಲಿಲ್ಲ.

ಕುಂದಾಪುರದಲ್ಲಿ ನನ್ನದೊಂದು ಇನ್ವರ್ಟರ್ ಮತ್ತು ಬ್ಯಾಟರಿ ಅಂಗಡಿ. ಹಗಲಿಡೀ ಬ್ಯಾಟರಿಗೆ ನೀರು ತುಂಬಿ, ಕರಟಿದ ವಯರು ಕತ್ತರಿಸಿ ಬದುಕುವವನಿಗೆ ಮದುವೆಯ ಕಾಲ ಬಂತೆಂದರೆ ಇನ್ನೊಂದು ಜನ್ಮ. ನಾವುಂದದ ಭಾಸ್ಕರ, ಶಾಲಾ ವ್ಯಾನು ಓಡಿಸುವವನು, ನನ್ನ ಓರಗೆಯವನು, ಒಳ್ಳೆಯ ಹಾಡುಗಾರ. ಅವನು ಹಾಡುವ ಆರ್ಕೆಸ್ಟ್ರಾದಲ್ಲಿ ನಾನು ಗಿಟಾರು, ವೇದಿಕೆಯಲ್ಲಿ ಅವನ ಬಲಕ್ಕೆ ನನ್ನ ಜಾಗ. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾವು ಹತ್ತದ ಕಲ್ಯಾಣಮಂಟಪದ ವೇದಿಕೆ ಕಡಿಮೆ. ಜನ ಉಣ್ಣುತ್ತ, ಮಾತಾಡುತ್ತ, ಮಕ್ಕಳ ಮೂಗು ಒರೆಸುತ್ತ ನಮ್ಮನ್ನು ಅರ್ಧ ಕಿವಿಯಲ್ಲಿ ಕೇಳುತ್ತಾರೆ. ಆ ಅರ್ಧ ಕಿವಿಯೇ ನಮ್ಮ ಪಾಲಿಗೆ ದೊಡ್ಡ ಸಭೆ.

ನನ್ನದು ಕೆಂಪು ಬಣ್ಣದ, ಕಲಿಯುವವರಿಗೆಂದೇ ಮಾಡಿದ ಗಿಟಾರು. ಇನ್ನೊಂದು ಕೊಳ್ಳುವ ಯೋಚನೆ ಬಂದಾಗಲೆಲ್ಲ ಮನೆಯಲ್ಲಿ ಅದಕ್ಕಿಂತ ತುರ್ತಾದದ್ದು ಏನಾದರೊಂದು ಮುಂದೆ ಬಂದು ನಿಲ್ಲುತ್ತಿತ್ತು. ಅಷ್ಟರಲ್ಲಿ ಆ ಮರದ ತುಂಡು ನನ್ನ ಪಕ್ಕೆಲುಬಿಗೆ ಒಗ್ಗಿಹೋಗಿತ್ತು, ನನಗೂ ಅದನ್ನು ಬಿಡುವ ಮನಸ್ಸಿರಲಿಲ್ಲ. ಅಂಥ ಗಿಟಾರು ಕೆಲವು ವರ್ಷಗಳ ಹಿಂದೆ ಮಂಕಾಗತೊಡಗಿತು. ಸಣ್ಣ ತಂತಿಗಳನ್ನು ಮೀಟಿದರೆ ಮೊದಲು ಚಿಮ್ಮುತ್ತಿದ್ದ ಹೊಳಪು ಇಲ್ಲ. ಕಂಬಳಿ ಹೊದ್ದು ಮಾತಾಡುವವರ ದನಿಯಂತೆ ಸ್ವರ ಒಳಗೇ ಉಳಿಯುತ್ತದೆ.

ತಂತಿ ಹಳತಾಗಿರಬೇಕೆಂದು ಹೊಸ ತಂತಿ ಕಟ್ಟಿದೆ. ಎರಡು ದಿನ ಚೆನ್ನಾಗಿದೆ ಅನ್ನಿಸಿತು, ಆಮೇಲೆ ಮತ್ತೆ ಅದೇ. ತಂತಿ ಬಿಗಿಯುವ ಬಿರಡೆಗಳನ್ನು ಬದಲಿಸಿದೆ. ತಂತಿಗಳು ಹಾದುಹೋಗುವ ಪ್ಲಾಸ್ಟಿಕ್ಕಿನ ಮೆಟ್ಟಿಲನ್ನು ತೆಗೆದು ಮೂಳೆಯದನ್ನು ಕೂರಿಸಿದೆ. ಕೊನೆಗೆ ಪಿಕಪ್ಪಿಗೇ ಕೈಯಿಟ್ಟೆ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ದಾಟಿಸುವ ಅಯಸ್ಕಾಂತದ ಸುರುಳಿಯದು, ಗಿಟಾರಿನ ಗಂಟಲೆಂದೇ ಹೇಳಬಹುದು. ಹೊಸದನ್ನು ತರಿಸಿ ನಾನೇ ಬೆಸುಗೆ ಹಾಕಿ ಕೂರಿಸಿದ ಸಂಜೆ, ಅಂಗಡಿಯ ಬಾಗಿಲು ಅರ್ಧ ಎಳೆದು ನುಡಿಸುತ್ತ ಕೂತೆ. ಮರೆತ ಹೆಸರೊಂದು ನಾಲಗೆಯ ತುದಿಗೆ ಬಂದು ನಿಂತಂತೆ ಹಳೆಯ ಹೊಳಪು ಹತ್ತಿರದಲ್ಲೆಲ್ಲೋ ಇದೆ ಅನ್ನಿಸಿತೇ ಹೊರತು ಕೈಗೆ ಸಿಗಲಿಲ್ಲ.

ಇರುವುದನ್ನೇ ತಿದ್ದಿ ಚಂದ ಮಾಡುವ ಕೆಲಸಕ್ಕೆ ಒಂದು ಅಮಲಿದೆ. ಹಳೆಯ ಸ್ಕೂಟರಿಗೆ ಬಣ್ಣ ಹೊಡೆಸುವವರು, ಸೋರುವ ಮಾಡಿನ ಕೆಳಗೆ ಹೊಸ ಟೈಲ್ಸ್ ಹಾಸುವವರು, ಅಂಗಿಯ ತಿರುಗಿಸಿದ ಕಾಲರನ್ನು ಮತ್ತೊಮ್ಮೆ ತಿರುಗಿಸುವವರು, ನಾವೆಲ್ಲ ಒಂದೇ ಜಾತಿ. ಕೆಟ್ಟದ್ದು ವಸ್ತುವಿನಲ್ಲಿದೆ, ವಸ್ತು ನನ್ನ ಕೈಯಲ್ಲಿದೆ, ಕೈಯಲ್ಲಿ ಸ್ಕ್ರೂಡ್ರೈವರಿದೆ ಎಂಬ ನಂಬಿಕೆಯಲ್ಲಿ ದಿನಗಳು ಹಗುರವಾಗಿ ಹೋಗುತ್ತವೆ. ಕೊನೆಗೆ ಗಿಟಾರಿನ ಟೋನ್ ಗುಂಡಿಗೆ ಅಂಟಿದ್ದ ಪುಟ್ಟ ಕೆಪಾಸಿಟರನ್ನೇ ಕತ್ತರಿಸಿ ಬಿಸಾಡಿದೆ. ಚೂಪು ಸ್ವರಗಳನ್ನು ಸ್ವಲ್ಪ ನುಂಗಿ ಮಿಕ್ಕದ್ದನ್ನು ಹೊರಬಿಡುವುದು ಅದರ ಕೆಲಸ. ಈಗ ನುಂಗಲು ಯಾರೂ ಇಲ್ಲ, ಇನ್ನಾದರೂ ಹೊಳೆ ಎಂದು ಗಿಟಾರಿಗೆ ಹೇಳಿದೆ.

ಬ್ರಹ್ಮಾವರದ ಮದುವೆಯೊಂದರಲ್ಲಿ ಅದನ್ನು ಹಿಡಿದು ವೇದಿಕೆ ಹತ್ತಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಿವಿ ಮುಚ್ಚಿಕೊಂಡದ್ದನ್ನು ಕಂಡೆ. ಚಳಿಯಿರಬೇಕು ಅಂದುಕೊಂಡೆ. ಕೆಳಗಿಳಿದ ಮೇಲೆ ಭಾಸ್ಕರ ಬಾಳೆಹಣ್ಣು ಸುಲಿಯುತ್ತ, ನನ್ನ ಮುಖ ನೋಡದೆ, "ಒಂಚೂರ್ ಕಿರ್ಚತ್ತ್ ಅಲ್ದಾ ಮಾರಾಯಾ?" ಎಂದ.

"ಕಿರ್ಚೂದಾ? ಇನ್ನೂ ಮಂಕೇ ಇತ್ತ್" ಎಂದೆ ನಾನು, ಸ್ವಲ್ಪ ಬಿರುಸಾಗಿಯೇ.

ಅವನು ಸಿಪ್ಪೆ ಎಸೆದು ಕೈ ತೊಳೆಯಲು ಹೋದ. ಆಮೇಲಿನ ಕಾರ್ಯಕ್ರಮಗಳಲ್ಲಿ ಯಾರೂ ಏನೂ ಹೇಳಲಿಲ್ಲ. ಯಾವ ಅಜ್ಜಿಯೂ ಕಿವಿ ಮುಚ್ಚಲಿಲ್ಲ. ನನ್ನ ಪ್ರಯೋಗ ಫಲ ಕೊಡುತ್ತಿದೆ ಎಂದು ನಾನು ಹಿಗ್ಗಿದೆ.

ಹೀಗಿರುವಾಗ ಅಮಾಸೆಬೈಲಿನಿಂದ ಜಲಜಕ್ಕನೆಂಬ ಗಿರಾಕಿಯ ಫೋನು ಬಂತು. ಮಳೆಗಾಲದ ಕೊನೆ, ಅತ್ತ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇನ್ವರ್ಟರು ಒಂದೇ ಸಮನೆ ಕೂಗುತ್ತಿದೆಯಂತೆ. ಬ್ಯಾಟರಿ ಸೋತಾಗ ಅದು ಕೀಂ ಕೀಂ ಎಂದು ಎಚ್ಚರಿಸುತ್ತದೆ, ಹೊಸ ವಿಷಯವೇನಲ್ಲ. ಹಾಲಾಡಿಯ ಮಾರ್ಗವಾಗಿ ಸ್ಕೂಟರಿನಲ್ಲಿ ಹೋಗಿ, ಅವರ ಚಾವಡಿಯ ಮೂಲೆಯಲ್ಲಿದ್ದ ಇನ್ವರ್ಟರಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಚಾವಡಿ ಶಾಂತವಾಗಿತ್ತು.

"ಈಗ ನಿಂತಿತ್ತಲೆ ಜಲಜಕ್ಕ" ಎಂದೆ.

ಆಕೆ ಒಳಗಿನಿಂದ ಚಾ ಹಿಡಿದು ಬರುತ್ತಿದ್ದವರು ಬಾಗಿಲಲ್ಲೇ ನಿಂತರು. "ನಿಂತದ್ದಾ? ಎಂತ ಹೇಳ್ತ್ರಿ ಶಂಕ್ರಣ್ಣ? ಈಗ್ಳೂ ಕೂಗ್ತಾ ಇತ್ತ್! ಬೆಳಗಿಂದ ಕೇಂಡ್ ಕೇಂಡ್ ನನ್ ತಲೆ ಹಾಳಾಯ್ತ್."

ತಮಾಷೆಯೆಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಇನ್ವರ್ಟರಿನ ಕೆಂಪು ದೀಪ ಆರಿ ಹೊತ್ತುತ್ತಿತ್ತು. ಅದು ಹೊತ್ತಿದಾಗಲೆಲ್ಲ ಕೂಗಬೇಕು, ಹಾಗೆಂದು ಎಷ್ಟೋ ಮನೆಗಳಲ್ಲಿ ನಾನೇ ವಿವರಿಸಿದ್ದೇನೆ. ಜಾಲರಿಗೆ ಎಡಗಿವಿ ಇಟ್ಟೆ. ಬಲಗಿವಿ ಇಟ್ಟೆ. ಹೊರಗೆ ಹಟ್ಟಿಯಲ್ಲಿ ದನ ಅಂಬಾ ಎಂದದ್ದು ಕೇಳಿತು, ಒಳಗೆ ಪಾತ್ರೆ ಇಟ್ಟದ್ದು ಕೇಳಿತು, ಜಲಜಕ್ಕನ ಉಸಿರೂ ಕೇಳಿತೇನೋ. ಕೂಗು ಮಾತ್ರ ಇಲ್ಲ. ಬೆರಳನ್ನು ಜಾಲರಿಯ ಮೇಲೆ ಒತ್ತಿ ಹಿಡಿದೆ. ದೀಪ ಹೊತ್ತಿದಾಗಲೊಮ್ಮೆ ಬೆರಳ ತುದಿಯಲ್ಲಿ ಇರುವೆ ಹರಿದಂಥ ಸಣ್ಣ ನಡುಕ.

ಬ್ಯಾಟರಿಗೆ ನೀರು ತುಂಬಿ, ಕಿಲುಬುಗಟ್ಟಿದ ಟರ್ಮಿನಲ್ಲನ್ನು ಉಜ್ಜಿ ಬಿಗಿದೆ. ಕೆಲಸ ಮುಗಿಯಿತೋ ಇಲ್ಲವೋ ತಿಳಿಯಲು ಆಕೆಯನ್ನೇ ಕೇಳಬೇಕಾಯಿತು. "ಈಗ ನಿಂತ್ತಾ?" "ಹ್ಞಾಂ, ಈಗ ನಿಂತ್ತ್" ಎಂದರು. ಅವರ ಕಣ್ಣಲ್ಲಿದ್ದ ಕನಿಕರವನ್ನು ನೋಡಲಾಗದೆ ಚಾ ಕುಡಿಯದೆಯೇ ಹೊರಟೆ.

ಹಾಲಾಡಿಯ ನಾಲ್ಕು ರಸ್ತೆ ಕೂಡುವಲ್ಲಿ ಸ್ಕೂಟರು ನಿಲ್ಲಿಸಿ ಬಹಳ ಹೊತ್ತು ನಿಂತೆ. ಬಸ್ಸುಗಳ ಇಂಜಿನ್ನು ಗುಡುಗುತ್ತಿತ್ತು, ಜನರ ಗಲಗಲ ಇತ್ತು. ಕಂಡಕ್ಟರನೊಬ್ಬ ಕೆನ್ನೆ ಉಬ್ಬಿಸಿ ವಿಸಿಲು ಊದಿದ, ಬಸ್ಸು ಹೊರಟಿತು. ವಿಸಿಲು ನನಗೆ ಕೇಳಲಿಲ್ಲ. ಲೋಕದ ಮೇಲಂತಸ್ತಿನಲ್ಲಿ ಯಾರೋ ಒಂದೊಂದೇ ದೀಪ ಆರಿಸುತ್ತ ಬಂದಿದ್ದರು, ನಾನು ಕೆಳಗೆ ಕೂತು ಗಿಟಾರಿನ ಸ್ಕ್ರೂ ಬಿಚ್ಚುತ್ತಿದ್ದೆ.

ಕಿವಿಯ ಡಾಕ್ಟರು ಸಣ್ಣ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಹಳ ಹೊತ್ತು ಒತ್ತಲು ಏನೂ ಇಲ್ಲದೆ ಕೂತಿದ್ದೆ. ಅವರು ತೋರಿಸಿದ ನಕ್ಷೆಯಲ್ಲಿ ಗೆರೆ ಸ್ವಲ್ಪ ದೂರ ಸಮತಟ್ಟಾಗಿ ಹೋಗಿ, ಆಮೇಲೆ ಬಂಡೆಯ ಅಂಚಿನಿಂದ ಜಾರಿದಂತೆ ಕೆಳಗಿಳಿದಿತ್ತು. ಡ್ರಮ್ಮಿನ ತಾಳದ ತಟ್ಟೆಗಳ ಪಕ್ಕ, ಸ್ಪೀಕರುಗಳ ಬಾಯೆದುರು ವರ್ಷಾನುಗಟ್ಟಲೆ ನಿಂತದ್ದರ ಫಲವಿರಬಹುದು ಎಂದರು. ನರ ಸೋತಿದೆ, ಹೋದದ್ದು ಮರಳುವುದಿಲ್ಲ, ಯಂತ್ರ ಹಾಕಿದರೆ ಮಾತು ತಿಳಿಯಲು ಸಹಾಯವಾದೀತು ಎಂದರು. ಸಂಗೀತದ ಬಗ್ಗೆ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಭಾಸ್ಕರನಿಗೆ ಹೇಳಲೆಂದು ನಾವುಂದಕ್ಕೆ ಹೋದೆ. ಮಧ್ಯಾಹ್ನ, ಖಾಲಿ ವ್ಯಾನನ್ನು ನೆರಳಿಗೆ ನಿಲ್ಲಿಸಿ ಮಕ್ಕಳು ಚೆಲ್ಲಿದ ಚಾಕಲೇಟು ಕಾಗದ ಗುಡಿಸುತ್ತಿದ್ದ. ಇಬ್ಬರೂ ಸೀಟಿನಲ್ಲಿ ಕೂತೆವು. ನಾನು ಹೇಳಿ ಮುಗಿಸಿದಾಗ ಅವನಿಗೆ ಆಶ್ಚರ್ಯವಾಗಲಿಲ್ಲ. ಅದನ್ನು ಕಂಡು ಆಶ್ಚರ್ಯವಾದದ್ದು ನನಗೆ.

"ನಿಂಗೆ ಗೊತ್ತಿತ್ತಾ?"

"ನಿನ್ ಕೆಮಿ ಹೋದ್ದ್ ಗೊತ್ತಿರ್ಲಿಲ್ಲೆ. ಎಂತದೋ ಆಯ್ತ್ ಅಂದೇಳಿ ಗೊತ್ತಿತ್ತ್." ಪೊರಕೆಯ ಕಡ್ಡಿಯೊಂದನ್ನು ಎಳೆದು ಮುರಿಯುತ್ತ ಕೂತ. "ಶಂಕರ, ಒಂದ್ ಹೇಳ್ತೆ, ಸಿಟ್ಟ್ ಮಾಡ್ಬೇಡ. ಬ್ರಹ್ಮಾವರದ ಮದಿ ಆದ್ಮೇಲೆ ಸೌಂಡ್ ಮಿಕ್ಸರಿನ ಉಮೇಶನ ಹತ್ರ ನಾನೇ ಹೇಳಿದ್ದ್, ನಿನ್ ಗಿಟಾರ್ ತಗ್ಗ್ಸೂಕೆ."

"ಎಷ್ಟ್ ತಗ್ಗ್ಸಿದ?"

"ಪೂರ್ತಿ."

ನನಗೆ ಅರ್ಥವೇ ಆಗಲಿಲ್ಲ. "ನಂಗ್ ಕೇಂತಿತ್ತಲಾ!"

"ನಿನ್ನ ಕಾಲ್‌ಬುಡದ ಸ್ಪೀಕರಿಗೆ ಮಾತ್ರ ಬಿಟ್ಟದ್ದ್. ಜನ್ರಿಗೆ ಹೋತಿರ್ಲಿಲ್ಲೆ."

ಒಂದು ಇಡೀ ಮದುವೆಯ ಕಾಲ. ಹೊಸ ಪಿಕಪ್ಪು, ಹೊಸ ಬಿರಡೆ, ಮೂಳೆಯ ಮೆಟ್ಟಿಲು, ಎಲ್ಲ ಹೊತ್ತ ನನ್ನ ಗಿಟಾರು ನನ್ನ ಕಾಲಿನ ಬೆರಳುಗಳಿಗಷ್ಟೇ ಹಾಡಿತ್ತು. ಹಾಡಿನ ನಡುವಿನ ನನ್ನ ಭಾಗ ಬಂದಾಗ ನಾನು ಕಣ್ಣುಮುಚ್ಚಿ ತಲೆ ತೂಗುತ್ತಿದ್ದದ್ದು, ಎದುರಿನ ಜನಕ್ಕೆ ಬರೀ ಬೆರಳಾಡಿಸುವ ಒಬ್ಬ ಮನುಷ್ಯ ಕಾಣಿಸುತ್ತಿದ್ದದ್ದು, ಎಲ್ಲ ಕಣ್ಣಮುಂದೆ ಬಂತು.

"ನನ್ಹತ್ರ ಹೇಳೂಕ್ ಎಂತ ಆಯ್ತ್ ನಿಂಗೆ?"

"ಹ್ಯಾಂಗೆ ಹೇಳೂದಾ?" ಅವನು ಮುರಿದ ಕಡ್ಡಿಯನ್ನು ಕಿಟಕಿಯಿಂದ ಹೊರಗೆಸೆದ. "ಪ್ರತಿ ಸಲ ಎಂತಾರೂ ಹೊಸ್ತ್ ಹಾಕ್ಕಂಡ್ ಬತ್ತಿದ್ದೆ. 'ಕಾಣ್ ಭಾಸ್ಕರ, ಇವತ್ತ್ ಕಾಣ್' ಅಂತಿದ್ದೆ. ನಿನ್ ಮುಖ ಕಂಡ್ರೆ ನಂಗೆ ಬಾಯೇ ಬತ್ತಿರ್ಲಿಲ್ಲೆ."

ನಾನು ಜಗಳವಾಡದೆ ಎದ್ದು ಬಂದೆ. ಜಗಳವಾಡಿದ್ದರೆ ಒಳ್ಳೆಯದಿತ್ತೇನೋ. ಹಲವು ವಾರ ಅವನ ಫೋನು ತೆಗೆಯಲಿಲ್ಲ. ಅವನು ಮಾಡಿದ್ದು ದ್ರೋಹವೋ ದಯೆಯೋ ಎಂದು ಬ್ಯಾಟರಿಗಳ ಮಧ್ಯೆ ಕೂತು ತೂಗಿ ನೋಡುತ್ತಿದ್ದೆ. ದಯೆಯೆಂದು ಒಪ್ಪಿಕೊಂಡ ದಿನ ಎದೆ ಇನ್ನಷ್ಟು ಭಾರವಾಯಿತು. ದ್ರೋಹವಾಗಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

ಒಂದು ಭಾನುವಾರ ಹಳೆಯ ಬಿಡಿಭಾಗಗಳನ್ನೆಲ್ಲ ಹುಡುಕಿ ಗಿಟಾರಿಗೆ ಮರಳಿ ಕೂರಿಸಿದೆ. ಕೆಪಾಸಿಟರು ಬಿಸಾಡಿದ್ದೆನಲ್ಲ, ಅಂಥದೇ ಇನ್ನೊಂದನ್ನು ಬೆಸೆದೆ. ಸುಮತಿಯನ್ನು ಕರೆದು ಕೂರಿಸಿ ನುಡಿಸಿದೆ. ಅಕ್ಕಿ ಆರಿಸುವ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡೇ ಆಕೆ ಕಣ್ಣು ಕಿರಿದಾಗಿಸಿ ಕೇಳಿದಳು. "ಇದ್ ಒಳ್ಳೇದಿತ್ತ್. ಮೊದ್ಲ್ ಹೀಂಗೇ ಇದ್ದಿತ್ತಲೆ" ಎಂದಳು. ನನಗೆ ಎರಡರ ನಡುವೆ ವ್ಯತ್ಯಾಸವೇ ತಿಳಿಯಲಿಲ್ಲ. ಮೊದಲು ಹೀಗೇ ಇತ್ತಂತೆ. ಮಂಕಾದದ್ದು ಅದಲ್ಲವಂತೆ.

ಕಿವಿಗೆ ಯಂತ್ರ ಬಂದಿದೆ. ಸುಮತಿಯ ಮಾತು ಈಗ ಸ್ಪಷ್ಟ, ಅಂಗಡಿಗೆ ಬಂದವರ ದೂರು ಸ್ಪಷ್ಟ. ಗಿಟಾರು ಮಾತ್ರ ಅದರೊಳಗಿಂದ ತಗಡಿನ ಡಬ್ಬಿ ಬಡಿದಂತೆ ಕೇಳಿಸುತ್ತದೆ, ಹಾಗಾಗಿ ಆರ್ಕೆಸ್ಟ್ರಾ ಬಿಟ್ಟೆ. ಅಗ್ಗದ ಗಿಟಾರಿಗೆ ಹೊಸ ಪಿಕಪ್ಪು ಹಾಕಿಸಲೇ ಎಂದು ಈಗಲೂ ಕೆಲವರು ಅಂಗಡಿಗೆ ಬಂದು ಕೇಳುತ್ತಾರೆ. ಹಾಕಿಸಿ, ಧಾರಾಳವಾಗಿ ಹಾಕಿಸಿ, ಅಗ್ಗದ ಮರಕ್ಕೂ ಒಳ್ಳೆಯ ಗಂಟಲಿನ ಹಕ್ಕಿದೆ. ಆದರೆ ಬಿಚ್ಚುವ ಮೊದಲು ಇನ್ನೊಬ್ಬರನ್ನು ಕೂರಿಸಿ ಕೇಳಿಸಿ, ಮತ್ತು ಅವರು ಹೇಳಿದ್ದನ್ನು ನಂಬಿ ಎನ್ನುತ್ತೇನೆ. ಅವರು ವಿಚಿತ್ರವಾಗಿ ನೋಡುತ್ತಾರೆ.

ಮೊನ್ನೆ ಬೈಂದೂರಿನಲ್ಲಿ ಸುಮತಿಯ ಕಡೆಯವರ ಮದುವೆ. ವೇದಿಕೆಯ ಮೇಲೆ ಭಾಸ್ಕರನ ತಂಡವೇ ಇತ್ತು. ನಾನು ಕೆಳಗೆ, ಕುರ್ಚಿಯಲ್ಲಿ, ಯಂತ್ರವನ್ನು ಜೇಬಿಗೆ ಹಾಕಿಕೊಂಡು ಕೂತಿದ್ದೆ. ಗಿಟಾರಿನ ಭಾಗವನ್ನು ಈಗ ಕೀಬೋರ್ಡಿನವನೇ ನುಡಿಸುತ್ತಾನಂತೆ, ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ. ನಾವು ನೂರಾರು ಕಡೆ ಹಾಡಿದ ಹಾಡೊಂದು ಬಂತು. ಪಲ್ಲವಿ ಮುಗಿಸಿ ಭಾಸ್ಕರ ಮೈಕು ಇಳಿಸಿದ, ಎಂದಿನಂತೆ ನಗುತ್ತ ತನ್ನ ಬಲಕ್ಕೆ ತಿರುಗಿದ. ಅಲ್ಲೊಂದು ಸ್ಪೀಕರ್ ಪೆಟ್ಟಿಗೆ ಇತ್ತು. ಅವನ ನಗು ಅಲ್ಲೇ ನಿಂತಿತು. ಒಂದು ಕ್ಷಣ ಅದನ್ನೇ ನೋಡುತ್ತಿದ್ದು, ಮತ್ತೆ ಜನರ ಕಡೆ ತಿರುಗಿದ.

"ಊಟಕ್ಕೆ ಏಳ್ವಾ? ಪಂಕ್ತಿ ಹಾಕ್ತಾ ಇದ್ರ್" ಎಂದು ಸುಮತಿ ನನ್ನ ತೋಳು ಮುಟ್ಟಿ, ಕಿವಿಯ ಹತ್ತಿರ ಬಾಗಿ ಹೇಳಿದಳು.

"ಈ ಹಾಡ್ ಒಂದ್ ಮುಗಿಲಿ" ಎಂದೆ.