ಕರಡಿಗಳು ಕಾದು ಕುಳಿತ ಸಂಜೆ

ಚಳ್ಳಕೆರೆ ಬಸ್ ನಿಲ್ದಾಣದಿಂದ ನಾನೂ ನಸ್ರೀನೂ ಹೊರಟಾಗ ಹನ್ನೆರಡು ದಾಟಿತ್ತು. ಇಬ್ಬರೂ ಒಂದೇ ಪ್ರೌಢಶಾಲೆಯ ಟೀಚರುಗಳು. ಮಕ್ಕಳನ್ನು ಕರಡಿ ಉದ್ಯಾನಕ್ಕೆ ಪ್ರವಾಸ ಕರೆದೊಯ್ಯುವ ಮೊದಲು ಜಾಗ ನೋಡಿ ಬನ್ನಿ ಎಂದು ಹೆಡ್‌ಮಾಸ್ಟರು ಕಳಿಸಿದ್ದರು. ಸರ್ಕಾರಿ ಬಸ್ಸಾದ್ದರಿಂದ ಹೆಂಗಸರಾದ ನಮಗೆ ಟಿಕೆಟ್ಟಿನ ದುಡ್ಡಿರಲಿಲ್ಲ. ಮೊಳಕಾಲ್ಮೂರಿನಲ್ಲಿ ಇಳಿದು, ಮಂಡಕ್ಕಿ ಮೆಣಸಿನಕಾಯಿ ತಿಂದು, ಹೋಗಿಬರಲು ಮುನ್ನೂರು ರೂಪಾಯಿಗೆ ಆಟೋ ಮಾತಾಡಿಕೊಂಡು ಸಿದ್ದಾಪುರದ ಆಚೆಯ ಗುಡ್ಡಗಳತ್ತ ಹೋದೆವು.

ಗೇಟಿನಲ್ಲಿ ತಲೆಗೆ ಐವತ್ತು ರೂಪಾಯಿ. ಟಿಕೆಟ್ಟಿನ ಮೇಲೆ ‘ನಿಮ್ಮ ಹಣ ಕಾಡಿನ ಆರೈಕೆಗೆ’ ಎಂದು ಅಚ್ಚಾಗಿತ್ತು. ಒಳಗೆ ಸಿಮೆಂಟಿನ ಸೆಲ್ಫಿ ಕಟ್ಟೆ, ಬೀಗ ಜಡಿದ ನಾಲ್ಕು ಕಾಟೇಜು, ಗಾಳಿಗೆ ತಾನೇ ತೂಗುತ್ತಿದ್ದ ಜೋಕಾಲಿ. ನಮ್ಮನ್ನು ಬಿಟ್ಟರೆ ನೋಡಲು ಬಂದವರು ಯಾರೂ ಇರಲಿಲ್ಲ.

ವಾಚರ್ ಓಬಳೇಶಪ್ಪ ನಮ್ಮನ್ನು ಬಂಡೆಗಳ ನಡುವೆ ಒಂದು ಕಿಲೋಮೀಟರ್ ನಡೆಸಿ, ಕಬ್ಬಿಣದ ಮೆಟ್ಟಿಲಿನ ವೀಕ್ಷಣಾ ಗೋಪುರಕ್ಕೆ ಹತ್ತಿಸಿದರು. ಬಿಸಿಲಿಗೆ ಕಂಬಿ ಮುಟ್ಟುವಂತಿರಲಿಲ್ಲ. ಒಂದು ಹಕ್ಕಿಯ ಕೂಗೂ ಇಲ್ಲ.

“ಎದುರಿನ ಬಂಡೆಗೆ ದಿನಾ ಬೆಲ್ಲ, ಶೇಂಗಾ ಹಿಂಡಿ ಹಚ್ತೀನಿ ಮೇಡಂ. ನಾಕೂವರೆಗೆ ಬರ್ತವೆ. ಕರಡಿ ಕಂಡ್ರೆ ಜನ ಬರ್ತಾರೆ, ಜನ ಬಂದ್ರೆ ನನ್ನ ಸಂಬಳ.”

“ಇವತ್ತು ಹಚ್ಚಿಲ್ವಾ?” ನಸ್ರೀನ್ ಕೇಳಿದಳು. ಬಂಡೆ ಒಣಗಿತ್ತು.

“ಮೂರು ದಿನ ಆತು. ದುಡ್ಡೆಲ್ಲ ಕಾಟೇಜಿನ ಏಸಿಗೆ ಹೋತು. ಬೆಲ್ಲ ಬರ್ಲಿಲ್ಲ.”

ಸರಿಯಾಗಿ ನಾಲ್ಕೂವರೆಗೆ ಗವಿಯಿಂದ ತಾಯಿ ಕರಡಿಯೊಂದು ಎರಡು ಮರಿಗಳೊಂದಿಗೆ ಬಂತು. ಬರಿ ಬಂಡೆಯನ್ನು ನೆಕ್ಕುವ ಸದ್ದು ಮೇಲಕ್ಕೆ ಕೇಳುತ್ತಿತ್ತು. ಆಮೇಲೆ ತಾಯಿ ತಲೆಯೆತ್ತಿ ನಮ್ಮನ್ನೇ ನೋಡಿತು. ನಡೆದು ಬಂದು ಮೆಟ್ಟಿಲ ಬುಡದಲ್ಲಿ ಕುಳಿತಿತು. ಮರಿಗಳೂ ಕುಳಿತವು. ಗುರುಗುಟ್ಟಲಿಲ್ಲ, ಅಲುಗಲಿಲ್ಲ.

ಐದಾಯಿತು, ಐದೂವರೆಯಾಯಿತು. ಇನ್ನೆರಡು ಬಂದು ಸೇರಿಕೊಂಡವು. ಫೋನಿಗೆ ಸಿಗ್ನಲ್ ಇರಲಿಲ್ಲ. ಐದು ಕರಡಿಗಳ ಉಸಿರು ಮಾತ್ರ.

“ನಮ್ಮನ್ನ ನೋಡಕ್ಕೆ ಬಂದಂಗೈತೆ ಕಣೇ,” ನಸ್ರೀನ್ ಪಿಸುಗುಟ್ಟಿದಳು. ಅಷ್ಟರಲ್ಲಿ ತಾಯಿ ಕರಡಿ ಮೊದಲ ಮೆಟ್ಟಿಲ ಮೇಲೆ ಮುಂಗಾಲಿಟ್ಟಿತು. ಇಡೀ ಗೋಪುರ ಗುಂಯ್‌ಗುಟ್ಟಿತು.

“ಜನ ಅಂದ್ರೆ ಬೆಲ್ಲ ಅಂತ ನಾನೇ ಕಲಿಸೀನಿ,” ಎಂದು ಓಬಳೇಶಪ್ಪ ಚಪ್ಪಲಿ ಕಳಚಿದರು. “ನಾ ಇಳೀತೀನಿ. ಅವು ನನ್ನ ಕಡೆ ತಿರುಗಿದ ಮ್ಯಾಲೆ ನೀವು ಇಳೀರಿ. ಓಡಬ್ಯಾಡ್ರಿ.”

“ಬೇಡ್ರೀ ಚಾಚಾ!” ನಸ್ರೀನ್ ಅವರ ತೋಳು ಹಿಡಿದಳು.

“ನನ್ನ ವಾಸ್ನೆ ಗೊತ್ತೈತೆ ಬಿಡವ್ವ.”

ತಮ್ಮ ಮನೆಮಾತು ತೆಲುಗಿನಲ್ಲಿ “ರಾ ತಲ್ಲೀ, ಏಮೀ ಲೇದು, ಚೂಡು” ಎನ್ನುತ್ತ ಇಳಿದರು. ಬಾ ತಾಯಿ, ಏನೂ ಇಲ್ಲ ನೋಡು ಎಂದು ಎರಡೂ ಅಂಗೈ ಬಿಚ್ಚಿ ತೋರಿಸಿದರು. ತಾಯಿ ಕರಡಿ ಮೂಸಿ, ಅಂಗೈ ನೆಕ್ಕತೊಡಗಿತು. ಅವರು ಹಿಂದೆ ಹಿಂದೆ ಸರಿದಂತೆ ಐದೂ ಅವರನ್ನು ಸುತ್ತಿಕೊಂಡು ಬಂಡೆಯತ್ತ ಹೋದವು. ನಾವು ಇಳಿದು ನಡೆದೆವು. 

ಗೇಟಿನಲ್ಲಿ ವಿಷಯ ಹೇಳಿದೆವು. ಟಿಕೆಟ್ ಕೊಡುವವನು ಕರಡಿ ಬೆದರಿಸಲು ತಮಟೆ ಎತ್ತಿಕೊಳ್ಳುವ ಹೊತ್ತಿಗೆ ಓಬಳೇಶಪ್ಪ ಬರಿಗಾಲಲ್ಲಿ ನಡೆದೇ ಬಂದರು. ಕರಡಿ ನೆಕ್ಕಿದ ಅಂಗೈ ಚರ್ಮ ಸುಲಿದು ಕೆಂಪಾಗಿತ್ತು. ಹೊರಗೆ ಬಂದು ಗೇಟಿಗೆ ಬೀಗ ಹಾಕಿದರು.

“ಮಕ್ಕಳನ್ನ ಕರ್ಕಂಬರ್ತೀರಾ ಮೇಡಂ?”

ಅವರ ಸಂಬಳದ ಮಾತು ನೆನಪಾದರೂ “ಇಲ್ಲ” ಎಂದೆ.

“ಬ್ಯಾಡ್ರಿ, ಕರ್ಕಂಬರಬ್ಯಾಡ್ರಿ,” ಎಂದರು. “ಆದ್ರೆ ಜನ ಇಲ್ಲಿಗೆ ಬರ್ಲಿಲ್ಲ ಅಂದ್ರೆ, ಈ ಕರಡಿಗಳೇ ಜನ ಇರೋ ಕಡೆ ಬರ್ತವೆ.”

ಆಟೋ ಹೊರಟ ಮೇಲೆ ತಿರುಗಿ ನೋಡಿದೆ. ಗೇಟಿನ ಒಳಗೆ, ಸೆಲ್ಫಿ ಕಟ್ಟೆಯ ಮೇಲೆ, ಐದು ಕಪ್ಪು ಆಕೃತಿಗಳು ರಸ್ತೆಯತ್ತ ಮುಖ ಮಾಡಿ ಸಾಲಾಗಿ ಕುಳಿತಿದ್ದವು.